ಕುದುರೆಯ ಸಂಚಾರ

ಬೋರನಕಣಿವೆ ಜಲಾಶಯದ ಏರಿಯ ಕೆಳಗೆ, ತೆಂಗಿನ ನೆರಳಿನ ಜಗಲಿಯ ಮೇಲೆ 64 ಮನೆಗಳನ್ನು ಗೀಚಿ, ಚದುರಂಗದ ಕುದುರೆಯ ಸ್ಥಾನದಲ್ಲೊಂದು ಅಡಕೆಯನ್ನಿರಿಸಿ, ಕುದುರೆಯ ನಡೆಯಲ್ಲೇ ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ ಬಾರೆಂದು ಬಾಲಕನಿಗೆ ಹೇಳಿದರೆ, ಗಣಿತ, ಚದುರಂಗ, ಪ್ರೋಗ್ರಾಮಿಂಗ್ ಈ ಮೂರಕ್ಕೂ ಏಕಕಾಲದಲ್ಲಿ ಪ್ರವೇಶ ದೊರೆಯುವುದು. ಮೈಸೂರಿನ ಅರಸರಾದ ಮುಮ್ಮಡಿ ಕೃಷ್ಣರಾಜ ಒಡೆಯರು ರಚಿಸಿದ ಇಂತಹ ಸಂಚಾರವೊಂದರಲ್ಲಿ, ನಡೆಗಳಿಗೆ ಕ್ರಮಸಂಖ್ಯೆಯಿತ್ತು ಕೂಡಿದರೆ, ಪ್ರತಿ ಅಡ್ಡಸಾಲಿನ, ಪ್ರತಿ ಕಂಬಸಾಲಿನ ಮೊತ್ತವೂ 260. 1831ರಲ್ಲಿ ಆಡಳಿತ ಕೈತಪ್ಪಿದ ಅರಸರಿಗೆ ವಿರಾಮವೂ ಸಾಕಷ್ಟಿದ್ದಿತೆನ್ನಿ!

ಬಾಲಕನು ನಡುವೆ ಸಿಕ್ಕಿಬಿದ್ದಾಗ ಉತ್ತರವನ್ನುಸುರದೆ, ಮೂಲೆಯಿಂದ ಕುದುರೆಗೆ 2 ದಾರಿ, ನಡುಮನೆಯಿಂದ 8 ಎಂಬುದನ್ನು ಅವನಿಂದಲೇ ಎಣಿಕೆ ಮಾಡಿಸಬೇಕು. ಆಗ, ಮುಂದಿನ ದಾರಿಗಳು ಅತ್ಯಲ್ಪವಾಗಿರುವ ಮನೆಗೇ ಮೊದಲು ನಡೆಯಬೇಕೆಂದು 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫನು ಪ್ರಕಟಿಸಿದ ಸೂತ್ರವನ್ನು ಅವನು ತಾನಾಗಿಯೇ ಊಹಿಸಲೂಬಹುದು. ಅದನ್ನು ಪೈಥಾನ್‌ನಲ್ಲಿ ಬರೆಯಿಸುವುದು ಮರುದಿನದ ಪಾಠ.