ಮನೆಯೇ ಕಚೇರಿಯಾದಾಗ: ಉದ್ಯೋಗ ಮತ್ತು ಕುಟುಂಬದ ಹೊಂದಾಣಿಕೆ

ಕೋವಿಡ್-19 ರೋಗವು ಜಾಗತಿಕ ಸಾಂಕ್ರಾಮಿಕದ ಸ್ವರೂಪ ತಾಳಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಪ್ರಕಟಿಸಿತು. ಅದೇ ತಿಂಗಳ 22ರಂದು ದೇಶದಾದ್ಯಂತ ಜನತಾ ಕರ್ಫ್ಯೂ ಆಚರಿಸಲಾಯಿತು. 25ರಿಂದ ರಾಷ್ಟ್ರವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಕಾರ್ಖಾನೆ ಮತ್ತು ಕಟ್ಟಡ ನಿರ್ಮಾಣದ ಕಾರ್ಮಿಕರಿಗೆ ಇದರಿಂದ ದುಡಿಮೆಯೇ ನಿಂತುಹೋಯಿತು. ಕಡತ, ಲೆಕ್ಕಪತ್ರ ಮತ್ತು ಗಣಕಯಂತ್ರಗಳನ್ನು ಅವಲಂಬಿಸಿದ ನೌಕರರಿಗೆ ದುಡಿಮೆ ಉಳಿಯಿತಾದರೂ ದುಡಿಯುವ ಸ್ಥಳ ಬದಲಾಯಿತು. ಕೆಲವೇ ದಿನಗಳಲ್ಲಿ ಅಸಂಖ್ಯಾತ ಮನೆಗಳು ಕಚೇರಿಗಳಾಗಿ ಮಾರ್ಪಟ್ಟವು. ಸಾಂಕ್ರಾಮಿಕದ ಆ ದಿನಗಳು ಕಳೆದಿವೆ. ಆದರೆ ಮನೆಯಿಂದ ಕೆಲಸ ಮಾಡುವ ಪದ್ಧತಿ ಹಲವು ಉದ್ಯೋಗಗಳಲ್ಲಿ ಪೂರ್ಣವಾಗಿಯೋ ಭಾಗಶಃವೋ ಉಳಿದುಕೊಂಡಿದೆ. ಆ ಅನುಭವದಿಂದ ಕುಟುಂಬಗಳು ಕಲಿಯಬೇಕಾದುದೇನು ಎಂಬುದನ್ನು ಪರಿಶೀಲಿಸುವುದು ಉಪಯುಕ್ತ.

ಸರ್ಕಾರದ ಕ್ರಮಗಳು

ಕೇಂದ್ರ ಸರ್ಕಾರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯು 2020ರ ಮಾರ್ಚ್ 19ರಂದು ಹೊರಡಿಸಿದ ಆದೇಶದಂತೆ 'ಬಿ' ಮತ್ತು 'ಸಿ' ಗುಂಪಿನ ನೌಕರರಲ್ಲಿ ಶೇಕಡಾ 50ರಷ್ಟು ಮಂದಿ ಪ್ರತಿದಿನ ಕಚೇರಿಗೆ ಹಾಜರಾಗಬೇಕಾಗಿತ್ತು. ಉಳಿದವರು ಮನೆಯಿಂದ ಕೆಲಸ ನಿರ್ವಹಿಸಬೇಕಾಗಿತ್ತು. ಮನೆಯಲ್ಲಿರುವವರು ದೂರವಾಣಿ ಹಾಗೂ ವಿದ್ಯುನ್ಮಾನ ಸಂಪರ್ಕದಲ್ಲಿ ಸದಾ ಲಭ್ಯರಿರಬೇಕೆಂದೂ ಸೂಚಿಸಲಾಗಿತ್ತು. ಕರೆ ಕೇಂದ್ರಗಳು ಮತ್ತು ಹೊರಗುತ್ತಿಗೆ ಸಂಸ್ಥೆಗಳ ನೌಕರರು ಮನೆಯಿಂದ ಕೆಲಸ ಮಾಡಲು ಇದ್ದ ಷರತ್ತುಗಳನ್ನು ದೂರಸಂಪರ್ಕ ಇಲಾಖೆಯು ಮಾರ್ಚ್ ತಿಂಗಳಲ್ಲಿ ತಾತ್ಕಾಲಿಕವಾಗಿ ಸಡಿಲಿಸಿ, ನವೆಂಬರ್‌ನಲ್ಲಿ ಹೊಸ ಮಾರ್ಗಸೂಚಿಗಳನ್ನು ಹೊರಡಿಸಿತು. 2022ರ ಜುಲೈನಲ್ಲಿ ವಿಶೇಷ ಆರ್ಥಿಕ ವಲಯಗಳ ನಿಯಮಾವಳಿಗೂ ಈ ಕುರಿತು ಪ್ರತ್ಯೇಕ ನಿಯಮವೊಂದನ್ನು ಸೇರಿಸಲಾಯಿತು. ಸಾಂಕ್ರಾಮಿಕಕ್ಕೆ ಮೊದಲೇ, 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಅಧಿನಿಯಮವು, ಕೆಲಸದ ಸ್ವರೂಪಕ್ಕೆ ಹೊಂದುವುದಾದರೆ, ಹೆರಿಗೆ ರಜೆಯ ನಂತರ ಮಾಲೀಕರ ಒಪ್ಪಿಗೆಯೊಡನೆ ಮನೆಯಿಂದ ಕೆಲಸ ಮಾಡಲು ಅವಕಾಶ ಕಲ್ಪಿಸಿತ್ತು.

ಮನೆಯ ದುಡಿಮೆ ಹೊಸದಲ್ಲ

ಮನೆಯಲ್ಲಿ ಕುಳಿತು ದುಡಿಯುವುದು ನಮ್ಮ ದೇಶಕ್ಕೆ ಹೊಸದೇನಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಮನೆಯ ಜಗಲಿಯಲ್ಲಿ ಬೀಡಿ ಕಟ್ಟಿ ಸಂಸಾರ ಸಾಗಿಸಿದ ಮಹಿಳೆಯರು ಬಹಳ ಮಂದಿ. ಇಳಕಲ್ಲಿನ ನೇಕಾರರ ಮನೆಗಳಲ್ಲಿ ಮಗ್ಗವೂ ಒಲೆಯೂ ಒಂದೇ ಸೂರಿನಡಿ ಇರುತ್ತವೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಅಧಿನಿಯಮವು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದೇ ಪರಿಗಣಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1996ರಲ್ಲಿ ಗೃಹ ದುಡಿಮೆಯ ಕುರಿತಾಗಿಯೇ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು.

ಆದರೆ ಈ ಎರಡು ಬಗೆಯ ದುಡಿಮೆಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಬೀಡಿಯನ್ನು ಎಣಿಸಬಹುದು, ನೇಯ್ದ ಸೀರೆಯನ್ನು ಮಡಿಚಿಡಬಹುದು. ಆ ದಿನದ ಕೆಲಸ ಮುಗಿಯಿತೆಂಬುದು ಕಣ್ಣಿಗೆ ಕಾಣುತ್ತದೆ. ಕಚೇರಿಯ ಕೆಲಸಕ್ಕೆ ಅಂತಹ ಗೋಚರ ಅಳತೆಯಿಲ್ಲ. ಒಂದು ಪತ್ರಕ್ಕೆ ಉತ್ತರಿಸುವಷ್ಟರಲ್ಲಿ ಮತ್ತೊಂದು ಬಂದಿರುತ್ತದೆ. ಇಲ್ಲಿ ದಿನದ ಕೊನೆಯನ್ನು ತೋರುತ್ತಿದ್ದುದು ಗಡಿಯಾರ ಮತ್ತು ಮನೆಗೆ ಮರಳುವ ಪ್ರಯಾಣ. ಕಚೇರಿಯು ಮನೆಯೊಳಗೆ ಬಂದೊಡನೆ ಈ ಎರಡೂ ಗುರುತುಗಳು ಮರೆಯಾದವು.

ಉಳಿದ ಸಮಯ ಎಲ್ಲಿ ಹೋಯಿತು?

ಮುಂಬಯಿಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಚರ್ಚ್‌ಗೇಟಿನಿಂದ ವಿರಾರ್‌ವರೆಗಿನ ರೈಲು ಮಾರ್ಗದ ಉದ್ದ ಸುಮಾರು 60 ಕಿಲೋಮೀಟರ್. 2020ರ ಮಾರ್ಚ್‌ನಲ್ಲಿ ಉಪನಗರ ರೈಲುಗಳು ನಿಂತವು. ಜೂನ್ 15ರಿಂದ ಅಗತ್ಯ ಸೇವೆಗಳ ಸಿಬ್ಬಂದಿಗೆ ಮಾತ್ರ ಅವು ಪುನರಾರಂಭವಾದವು. ದಿನವೂ ಹೋಗಿಬರಲು ಮೂರು ಗಂಟೆ ವ್ಯಯಿಸುತ್ತಿದ್ದ ನೌಕರನಿಗೆ ಅಷ್ಟು ಸಮಯ ಉಳಿಯಬೇಕಾಗಿತ್ತು. ವಾಸ್ತವದಲ್ಲಿ ಅನೇಕರಿಗೆ ಅದು ವಿಶ್ರಾಂತಿಯಾಗಿ ದೊರೆಯದೆ, ಬೆಳಗಿನ ಮೊದಲ ಕರೆಯಿಂದ ರಾತ್ರಿಯ ಕೊನೆಯ ಕರೆಯವರೆಗಿನ ಕೆಲಸದಲ್ಲಿಯೇ ಕರಗಿಹೋಯಿತು.

ಸ್ಥಳದ ಅಭಾವವು ಇದಕ್ಕೆ ಸೇರಿಕೊಂಡಿತು. ಮಹಾನಗರಗಳ ಸಾಮಾನ್ಯ ನೌಕರನ ವಾಸವೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅಷ್ಟರಲ್ಲಿಯೇ ಒಬ್ಬರಿಗೆ ಸಭೆ, ಮಗುವಿಗೆ ಮೊಬೈಲಿನಲ್ಲಿ ಶಾಲೆಯ ಪಾಠ, ವೃದ್ಧ ತಂದೆತಾಯಿಯರ ಔಷಧೋಪಚಾರ, ಕುಕ್ಕರಿನ ಸೀಟಿ ಎಲ್ಲವೂ ಏಕಕಾಲದಲ್ಲಿ ನಡೆಯಬೇಕಾಗಿತ್ತು.

ಹೊರೆಯ ಹಂಚಿಕೆ

ಈ ಹೊರೆಯು ಮನೆಯ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲವೆಂಬುದು ಗಮನಿಸತಕ್ಕ ಅಂಶ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಅಂತಹ ಕೆಲಸ ಮಾಡಿದ ಪುರುಷರು ವ್ಯಯಿಸುತ್ತಿದ್ದುದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಈ ಅವಧಿಗಳು ಕ್ರಮವಾಗಿ 289 ಮತ್ತು 88 ನಿಮಿಷಗಳಾಗಿದ್ದವು. ಅಂತರವು ಹೆಚ್ಚುಕಡಿಮೆ ಹಿಂದಿನಂತೆಯೇ ಉಳಿದಿದೆ.

ಕಚೇರಿಗೆ ಹೋಗುವ ಮಹಿಳೆಗೆ ಆ ಎಂಟು ಗಂಟೆಗಳ ಕಾಲ ಮನೆಗೆಲಸದಿಂದ ಬಿಡುವಾದರೂ ಇರುತ್ತಿತ್ತು. ಮನೆಯಲ್ಲಿಯೇ ಕುಳಿತವಳನ್ನು ಕಂಡಾಗ 'ಹೇಗೂ ಮನೆಯಲ್ಲಿಯೇ ಇದ್ದಾಳೆ' ಎಂಬ ಭಾವನೆ ಸಹಜವಾಗಿ ಮೂಡುತ್ತದೆ. ಬಾಗಿಲಿಗೆ ಬಂದ ಹಾಲು, ಮಗುವಿನ ಪಾಠ, ಅತಿಥಿಗಳ ಚಹಾ ಎಲ್ಲವೂ ಅವಳತ್ತಲೇ ಬರುತ್ತವೆ. ಪುರುಷನು ಕೆಲಸಕ್ಕೆ ಕುಳಿತಾಗ ಮನೆಯವರು ಮೆಲುದನಿಯಲ್ಲಿ ಮಾತನಾಡುತ್ತಾರೆ. ಅದೇ ಮರ್ಯಾದೆ ಮಹಿಳೆಯ ಕೆಲಸಕ್ಕೂ ಸಲ್ಲಬೇಕು. ಮನೆಯಿಂದ ಕೆಲಸ ಮಾಡುವ ಪದ್ಧತಿಯ ಯಶಸ್ಸು ಈ ಒಂದು ಅಂಶವನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಪಾಲಿಸಬಹುದಾದ ಕ್ರಮಗಳು

ವೇಳೆಯ ನಿಗದಿ: ಕೆಲಸ ಆರಂಭಿಸುವ ಮತ್ತು ಮುಗಿಸುವ ವೇಳೆಯನ್ನು ಮೇಲಧಿಕಾರಿಗಳಿಗೂ ಮನೆಯವರಿಗೂ ಮುಂಚಿತವಾಗಿ ತಿಳಿಸುವುದು ಒಳ್ಳೆಯದು. ಮುಗಿಸಿದ ಬಳಿಕ ಗಣಕಯಂತ್ರವನ್ನು ಮುಚ್ಚಿ ಕಣ್ಣಿಗೆ ಕಾಣದಂತೆ ಎತ್ತಿಡಬೇಕು. ಹಿಂದಿನ ಪ್ರಯಾಣಕ್ಕೆ ಬದಲಾಗಿ ಹದಿನೈದು ನಿಮಿಷದ ನಡಿಗೆಯನ್ನು ರೂಢಿಸಿಕೊಂಡರೆ ಮನಸ್ಸಿಗೆ ಕಚೇರಿಯಿಂದ ಮನೆಗೆ ಬಂದ ಅನುಭವವಾಗುತ್ತದೆ. ಕೆಲಸದ ಅವಧಿಯ ನಂತರ ಸಂಪರ್ಕದಿಂದ ದೂರವಿರುವ ಹಕ್ಕಿಗೆ ಫ್ರಾನ್ಸ್ ದೇಶವು 2017ರಿಂದಲೇ ಕಾನೂನಿನ ಮಾನ್ಯತೆ ನೀಡಿದೆ.

ಸ್ಥಳ ಮತ್ತು ಆರೋಗ್ಯ: ಪ್ರತ್ಯೇಕ ಕೋಣೆ ಇಲ್ಲದಿದ್ದರೂ ಒಂದು ಮೂಲೆಯನ್ನು ಕೆಲಸಕ್ಕೆ ಮೀಸಲಿಡಬಹುದು. ಹಾಸಿಗೆಯ ಮೇಲೆ ಬಾಗಿ ಕುಳಿತು ಗಂಟೆಗಟ್ಟಲೆ ದುಡಿದರೆ ಬೆನ್ನು ಹಾಗೂ ಕುತ್ತಿಗೆ ನೋವು ಬರುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಕೆಳಗೆ ಪುಸ್ತಕಗಳನ್ನಿಡಬಹುದು. ಪಾದಗಳು ನೆಲಕ್ಕೆ ಅಥವಾ ಮಣೆಗೆ ಊರಿರಬೇಕು. ಇಪ್ಪತ್ತು ನಿಮಿಷಗಳಿಗೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡುಗಳ ಕಾಲ ನೋಡುವುದರಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ.

ಮನೆಗೆಲಸದ ಪಟ್ಟಿ: ನೀರು ಹಿಡಿಯುವುದು, ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು, ಮಕ್ಕಳ ಪಾಠ, ಇವನ್ನು ಯಾರು ಯಾವಾಗ ಮಾಡಬೇಕೆಂದು ವಾರಕ್ಕೊಮ್ಮೆ ಬರೆದು ಗೋಡೆಗೆ ಅಂಟಿಸಬಹುದು. ಸಭೆಯ ವೇಳೆಗಳನ್ನೂ ಅದರಲ್ಲಿ ನಮೂದಿಸಿದರೆ ಒಂದೇ ಕೋಣೆಯನ್ನು ಸರದಿಯಂತೆ ಬಳಸಲು ಅನುಕೂಲವಾಗುತ್ತದೆ.

ಮಾಹಿತಿಯ ಭದ್ರತೆ: ಕಚೇರಿಯ ಗಣಕಯಂತ್ರವನ್ನು ಮಕ್ಕಳ ಆಟಕ್ಕೆ ಕೊಡಬಾರದು. ಪಾಸ್‌ವರ್ಡ್ ಅಥವಾ ಒಟಿಪಿಯನ್ನು ದೂರವಾಣಿಯಲ್ಲಿ ಯಾರಿಗೂ ತಿಳಿಸಬಾರದು. ಅಂತರಜಾಲದ ಮೂಲಕ ಹಣ ವಂಚನೆಯಾದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಮನಸ್ಸಿನ ಆರೋಗ್ಯ: ಸಹೋದ್ಯೋಗಿಗಳ ಒಡನಾಟವಿಲ್ಲದೆ, ವಿಶೇಷವಾಗಿ ಊರು ಬಿಟ್ಟು ಬಂದು ಒಂಟಿಯಾಗಿ ವಾಸಿಸುವವರಿಗೆ ಬೇಸರ, ನಿದ್ರಾಹೀನತೆ, ಖಿನ್ನತೆ ಉಂಟಾಗಬಹುದು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸೇವೆಯನ್ನು 14416 ಸಂಖ್ಯೆಯ ಮೂಲಕ ಹಗಲಿರುಳೂ ಉಚಿತವಾಗಿ ಸಂಪರ್ಕಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಕೇಂದ್ರ ಸಂಯೋಜಕ ಸಂಸ್ಥೆಯಾಗಿದೆ. ಹಲವು ಭಾರತೀಯ ಭಾಷೆಗಳಲ್ಲಿ ಮಾತನಾಡುವ ಸೌಲಭ್ಯವಿದ್ದು, ಕನ್ನಡವೂ ಅವುಗಳಲ್ಲೊಂದು.

ಉಪಸಂಹಾರ

ಮನೆಯಿಂದ ಕೆಲಸ ಮಾಡುವುದನ್ನು ನೌಕರನೊಬ್ಬನ ಅನುಕೂಲವೆಂದು ಭಾವಿಸಿದರೆ ಅದರ ಭಾರವನ್ನು ಮನೆಯ ಉಳಿದವರು ಸದ್ದಿಲ್ಲದೆ ಹೊರಬೇಕಾಗುತ್ತದೆ. ಇಡೀ ಕುಟುಂಬದ ಏರ್ಪಾಡೆಂದು ತಿಳಿದು ವೇಳೆಯನ್ನೂ ಸ್ಥಳವನ್ನೂ ಮನೆಗೆಲಸವನ್ನೂ ಹಂಚಿಕೊಂಡರೆ, ಪ್ರಯಾಣದಲ್ಲಿ ಉಳಿದ ಗಂಟೆಗಳು ಮಕ್ಕಳಿಗೂ ಹಿರಿಯರಿಗೂ ದಂಪತಿಗಳಿಗೂ ದೊರೆಯುತ್ತವೆ. ಮತ್ತೊಂದು ಸಾಂಕ್ರಾಮಿಕ ಎಂದು ಬರುವುದೋ ಯಾರೂ ಹೇಳಲಾರರು. ಅಂತಹ ದಿನ ಬಂದಲ್ಲಿ ಧೈರ್ಯದಿಂದ ಎದುರಿಸಲು ಬೇಕಾದ ಈ ಹೊಂದಾಣಿಕೆಯನ್ನು ಪ್ರತಿಯೊಂದು ಮನೆಯೂ ಈಗಿನಿಂದಲೇ ರೂಢಿಸಿಕೊಳ್ಳುವುದು ವಿವೇಕದ ಮಾರ್ಗ.