ತುಂಗಭದ್ರೆಯ ನೀರು, ಮೀನಿನ ರಕ್ತ

ಯಶವಂತನಗರ, ಸಂಡೂರುಗಳಿಂದ ಹೊಸಪೇಟೆ, ಹಂಪಿಗಳನ್ನು ಹಾದು ಕಂಪ್ಲಿಯವರೆಗೆ ಹರಡಿರುವ ಸೀಮೆಯಲ್ಲಿ ನೀರು ಒಂದೇ ಬಗೆಯದಲ್ಲ. ಹಂಪಿಯ ಬಂಡೆಗಳ ನಡುವೆ ನೊರೆಯೆಬ್ಬಿಸಿ ಹರಿಯುವ ತುಂಗಭದ್ರೆ, 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದೆ ಸುಮಾರು 378 ಚದರ ಕಿಲೋಮೀಟರ್ ಹರವಿನಲ್ಲಿ ನಿಂತ ಜಲಾಶಯ, ಸಂಡೂರು ಗುಡ್ಡಗಳ ನಡುವಿನ ನಾರಿಹಳ್ಳ, ವಿಜಯನಗರದ ಕಾಲದ ಕಮಲಾಪುರ ಕೆರೆ, ಕಂಪ್ಲಿಯ ಭತ್ತದ ಗದ್ದೆಗಳ ಕೆಸರುನೀರು, ಇವೆಲ್ಲ ಹತ್ತಿರಹತ್ತಿರವೇ ಇದ್ದರೂ ಒಂದರಲ್ಲಿ ಸಲೀಸಾಗಿ ಉಸಿರಾಡುವ ಮೀನು ಇನ್ನೊಂದರಲ್ಲಿ ಬದುಕುತ್ತದೆಂಬ ಭರವಸೆಯಿಲ್ಲ. ಈ ವ್ಯತ್ಯಾಸದ ಕಾರಣವನ್ನು ಬಹುಮಟ್ಟಿಗೆ ಮೀನಿನ ರಕ್ತದಲ್ಲಿರುವ ಪ್ರೋಟೀನುಗಳಲ್ಲಿ ಹುಡುಕಬೇಕಾಗುತ್ತದೆ.

30 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ಅಷ್ಟೇ ಗಾತ್ರದ ಗಾಳಿಯಲ್ಲಿ ಅದರ ಮೂವತ್ತು ಪಟ್ಟಿಗೂ ಮಿಗಿಲಾದ ಆಮ್ಲಜನಕ ಇರುತ್ತದೆ. ಪಾಚಿಗಟ್ಟಿ ಹಸಿರಾದ ಕೆರೆಯಲ್ಲಿ ಈ ಅಲ್ಪ ಸಂಗ್ರಹವೂ ಸ್ಥಿರವಲ್ಲ. ಹಗಲು ಬಿಸಿಲಿನಲ್ಲಿ ಪಾಚಿಯೇ ಆಮ್ಲಜನಕವನ್ನು ಬಿಡುತ್ತದೆಯಾದರೂ ರಾತ್ರಿಯೆಲ್ಲ ಅದೂ ಮೀನುಗಳಂತೆಯೇ ಉಸಿರಾಡುವುದರಿಂದ ಬೆಳಗಿನ ಜಾವದ ಹೊತ್ತಿಗೆ ನೀರು ಬಹುತೇಕ ಬರಿದಾಗಿರುತ್ತದೆ. ಆ ಹೊತ್ತಿನಲ್ಲಿ ಕಟ್ಲಾ, ರೋಹು ಮೀನುಗಳು ಮೇಲೆ ಬಂದು, ಬಾಯಿ ತೆರೆದು ಮುಚ್ಚುತ್ತ, ಗಾಳಿಗೆ ತಾಗಿದ ತೆಳುಪದರದ ನೀರನ್ನು ಕಿವಿರುಗಳ ಮೇಲೆ ಹಾಯಿಸಿಕೊಳ್ಳುವುದನ್ನು ಮೀನು ಸಾಕುವವರೆಲ್ಲ ಬಲ್ಲರು. ಬಿಸಿಲೇರಿದಂತೆ ಅವು ಮತ್ತೆ ಆಳಕ್ಕಿಳಿಯುತ್ತವೆ, ಇಳಿಯದಿದ್ದರೆ ಸಾಯುತ್ತವೆ.

ಕಿವಿರಿಗೆ ಬಂದ ಆಮ್ಲಜನಕವನ್ನು ಹಿಡಿದೊಯ್ಯುವುದು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನ್. ನಾಲ್ಕು ಸರಪಳಿಗಳು ಕೂಡಿ ಆದ ಈ ಅಣುವಿನ ಪ್ರತಿಯೊಂದು ಸರಪಳಿಯಲ್ಲೂ ಕಬ್ಬಿಣವಿರುವ ಹೀಮ್ ಎಂಬ ಭಾಗವಿದ್ದು, ಆಮ್ಲಜನಕ ಅಂಟಿಕೊಳ್ಳುವುದು ಅದಕ್ಕೇ. ಹಿಡಿಯುವುದಷ್ಟೇ ಅಲ್ಲ, ಮಾಂಸಖಂಡವನ್ನು ತಲುಪಿದಾಗ ಬಿಟ್ಟುಕೊಡುವುದೂ ಈ ಪ್ರೋಟೀನಿನ ಕೆಲಸವಾದ್ದರಿಂದ ಹಿಡಿತ ಬಿಗಿಯಾದಷ್ಟೂ ಬಿಡುಗಡೆ ಕಷ್ಟವಾಗುತ್ತದೆ. ಮನುಷ್ಯನ ಹಿಮೋಗ್ಲೋಬಿನ್ ಅರ್ಧದಷ್ಟು ತುಂಬಲು ಆಮ್ಲಜನಕದ ಒತ್ತಡ ಪಾದರಸದ ಸುಮಾರು 27 ಮಿಲಿಮೀಟರಿನಷ್ಟು ಇರಬೇಕಾದರೆ, ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆಯ ಹಿಮೋಗ್ಲೋಬಿನಿಗೆ ಹತ್ತು ಮಿಲಿಮೀಟರಿಗೂ ಕಡಿಮೆ ಒತ್ತಡ ಸಾಕು. ತಣ್ಣನೆಯ ತೊರೆಗಳ ಟ್ರೌಟ್ ಮೀನಿನಲ್ಲಿ ಈ ಹಿಡಿತ ಇಷ್ಟು ಬಿಗಿಯಾಗಿಲ್ಲ. ಸದಾ ಆಮ್ಲಜನಕ ತುಂಬಿರುವ ನೀರಿನಲ್ಲಿ ಅದರ ಅಗತ್ಯವೂ ಬೀಳುವುದಿಲ್ಲ. ಇವೆರಡರಲ್ಲಿ ಯಾವುದು ಮೇಲೆಂದು ಕೇಳುವುದೇ ಸರಿಯಲ್ಲ, ಏಕೆಂದರೆ ಅಮೈನೋ ಆಮ್ಲಗಳ ಅಲ್ಪಸ್ವಲ್ಪ ಬದಲಾವಣೆಗಳಲ್ಲಿ ಆಯಾ ನೀರಿಗೆ ಹೊಂದಿದ್ದನ್ನು ನೈಸರ್ಗಿಕ ಆಯ್ಕೆ ಉಳಿಸಿಕೊಂಡಿದೆ. ಇದಲ್ಲದೆ ಒಂದೇ ಮೀನಿನ ಜೀವಿತದೊಳಗೂ ಹೊಂದಾಣಿಕೆಗೆ ಅವಕಾಶವುಂಟು: ಮೀನಿನ ರಕ್ತಕಣದಲ್ಲಿರುವ ಎಟಿಪಿ, ಜಿಟಿಪಿ ಎಂಬ ಫಾಸ್ಫೇಟ್ ಸಂಯುಕ್ತಗಳು ಹಿಮೋಗ್ಲೋಬಿನಿನ ಹಿಡಿತವನ್ನು ಸಡಿಲಿಸುವುದರಿಂದ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಕೆಲವು ದಿನಗಳಾದರೆ ಗೆಂಡೆಯ ರಕ್ತಕಣಗಳು ಇವುಗಳ ಪ್ರಮಾಣವನ್ನು ಇಳಿಸಿ ಹಿಡಿತವನ್ನು ಮತ್ತಷ್ಟು ಬಿಗಿಮಾಡಿಕೊಳ್ಳುತ್ತವೆ.

ಕೊರವ ಮೀನಿನ ಸಂಗತಿ ಇನ್ನೂ ಕುತೂಹಲಕರ. ಕೆಸರಿನಲ್ಲೂ ಬತ್ತುತ್ತಿರುವ ಹೊಂಡದಲ್ಲೂ ಬದುಕುವ ಈ ಮೀನಿನ ಕಿವಿರುಗಳ ಮೇಲ್ಭಾಗದಲ್ಲಿ ರಕ್ತನಾಳಗಳು ದಟ್ಟವಾಗಿ ಹೆಣೆದ ಗಾಳಿಕೋಣೆಯಿದ್ದು, ಮೀನು ಮೇಲೆ ಬಂದು ನೇರವಾಗಿ ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಬೆಳೆದ ಕೊರವವನ್ನು ಮೇಲೆ ಬರದಂತೆ ತಡೆದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಚೇಳುಮೀನಿಗೆ ಇದೇ ಕೆಲಸಕ್ಕೆ ಬೆನ್ನುದ್ದಕ್ಕೂ ಚಾಚಿದ ಗಾಳಿಚೀಲಗಳಿವೆ. ಆದರೆ ಗಾಳಿಯಿಂದ ಪಡೆದ ಆಮ್ಲಜನಕವನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಕೋಣೆಯಿಂದ ಹೊರಟ ರಕ್ತ ಹೃದಯಕ್ಕೆ ಮರಳಿ, ಅಲ್ಲಿಂದ ದೇಹದ ಕಡೆಗೆ ಹೋಗುವ ಮುನ್ನ ಮತ್ತೆ ಕಿವಿರುಗಳನ್ನು ಹಾಯಬೇಕಾಗುವುದರಿಂದ, ಹೊರಗಿನ ನೀರು ಆಮ್ಲಜನಕವಿಲ್ಲದ್ದಾಗಿದ್ದರೆ ಗಳಿಸಿದ್ದೆಲ್ಲ ಅಲ್ಲಿಯೇ ಸೋರಿಹೋಗುವ ಅಪಾಯವಿದೆ. ಕೊರವದಂಥ ಮೀನುಗಳಲ್ಲಿ ಕಿವಿರಿನ ಎಸಳುಗಳು ಕುಗ್ಗಿರುವುದು ಈ ಸೋರಿಕೆಯನ್ನು ತಗ್ಗಿಸುತ್ತದೆ. ಹಿಮೋಗ್ಲೋಬಿನಿನ ಬಿಗಿ ಹಿಡಿತವೂ ಇಂಥ ಕಡೆ ನೆರವಾಗುತ್ತದೆ. ಅಂಗವೊಂದು ಹೊಸದಾಗಿ ರೂಪುಗೊಂಡರೆ ಅದರ ಜೊತೆಗೆ ಇತರ ಅಂಗಗಳೂ ರಕ್ತದ ರಾಸಾಯನಿಕ ಸ್ವಭಾವವೂ ಒಟ್ಟಿಗೆ ಬದಲಾಗಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಅಪರೂಪ.

ಇದಕ್ಕೆ ತೀರ ವ್ಯತಿರಿಕ್ತವಾದ ಸ್ಥಿತಿ ದಕ್ಷಿಣ ಧ್ರುವದ ಕಡಲಿನಲ್ಲಿದೆ. ಅಲ್ಲಿನ ಹಿಮಮೀನುಗಳ ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲವೇ ಇಲ್ಲ. ನಾರ್ವೆಯ ಯೋಹಾನ್ ರೂಡ್ 1954ರಲ್ಲಿ ಇದನ್ನು ಪ್ರಕಟಿಸಿದಾಗ, ಬೆನ್ನೆಲುಬಿರುವ ಪ್ರಾಣಿಯೊಂದು ಬಣ್ಣವಿಲ್ಲದ ರಕ್ತದಲ್ಲಿ ಬದುಕಿರುವುದು ವಿಜ್ಞಾನಿಗಳನ್ನೂ ಬೆರಗುಗೊಳಿಸಿತು. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುವುದರಿಂದಲೂ ಹೃದಯ ದೊಡ್ಡದಾಗಿ ರಕ್ತದ ಪ್ರಮಾಣ ಹೆಚ್ಚಿರುವುದರಿಂದಲೂ ಅವುಗಳ ಜೀವನ ಸಾಗುತ್ತದೆ. ಮೈನಸ್ 1.9 ಡಿಗ್ರಿಯ ಆ ನೀರಿನಲ್ಲಿ ರಕ್ತ ಮಂಜುಗಟ್ಟದಂತೆ ತಡೆಯುವುದು ಮತ್ತೊಂದು ಬಗೆಯ ಪ್ರೋಟೀನ್. ಸಕ್ಕರೆಯ ಅಂಶ ಸೇರಿದ ಅದು ಮಂಜಿನ ಹರಳುಗಳ ಮೈಗೆ ಅಂಟಿಕೊಂಡು ಅವು ಬೆಳೆಯದಂತೆ ಮಾಡುತ್ತದೆ. ಈ ಪ್ರೋಟೀನಿನ ಜೀನ್, ಜೀರ್ಣಕಾರಿ ಕಿಣ್ವವಾದ ಟ್ರಿಪ್ಸಿನ್‌ಗೆ ಮೂಲವಾದ ಜೀನಿನಿಂದ ಹುಟ್ಟಿತೆಂದು 1997ರಲ್ಲಿ ತಿಳಿದುಬಂದಿತು.

ಹಿಮಮೀನಿನ ರಕ್ತ ಕಂಪ್ಲಿಯ ಗದ್ದೆಯಲ್ಲಿ ಕ್ಷಣಹೊತ್ತೂ ನಡೆಯದು. ಬಿಸಿಯೇರಿದಂತೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದು, ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುವುದು, ಹಿಮೋಗ್ಲೋಬಿನಿನ ಹಿಡಿತ ಸಡಿಲವಾಗುವುದು, ಈ ಮೂರೂ ಒಟ್ಟಿಗೇ ಎರಗುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಕುಗ್ಗಿದ ಜಲಾಶಯ ಮತ್ತು ಕೆರೆಗಳಲ್ಲಿ ಮೊದಲು ಬಳಲುವುದು ಗಂಗಾ ಬಯಲಿನಿಂದ ಬಂದ ಕಟ್ಲಾದಂಥ ಮೀನುಗಳು. ಸಾಮಾನ್ಯ ಗೆಂಡೆ ಇನ್ನಷ್ಟು ತಾಳುತ್ತದೆ, ಕೊರವ ಅದಕ್ಕೂ ಹೆಚ್ಚು. ಹರಿಯುವ ನೀರಿಗೆ ಒಗ್ಗಿದ ಸ್ಥಳೀಯ ಮೀನುಗಳಿಗೆ ಇಂಥ ನಿಂತ ನೀರಿನಲ್ಲಿ ಉಳಿಗಾಲ ಕಡಿಮೆ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ನದಿಯನ್ನು ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ನೀರುನಾಯಿಯ ಹೆಸರಿನಲ್ಲಿ ಅಲ್ಲಿ ರಕ್ಷಣೆ ಪಡೆಯುತ್ತಿರುವುದು ಬಂಡೆಗಳಿಗೆ ಬಡಿದು ಆಮ್ಲಜನಕ ತುಂಬಿಕೊಳ್ಳುವ ನೀರೂ ಹೌದು, ಆ ನೀರಿಗೆ ತಕ್ಕ ರಕ್ತವಿರುವ ಮೀನುಗಳೂ ಹೌದು.