ಮಳೆ ಕೈಕೊಡುವ ವರ್ಷಗಳೆಷ್ಟು?

ಪ್ರಶ್ನೆ: ಸರಾಸರಿಯೂ ಮಾನಕ ವಿಚಲನೆಯೂ ತಿಳಿದಿದ್ದರೆ, ಮುದಗಲ್ಲಿನಲ್ಲಿ ಮಳೆ ಕೈಕೊಡುವ ವರ್ಷಗಳ ಪ್ರಮಾಣವನ್ನು ಗಣಿಸಬಹುದೆ?

ಉತ್ತರ: ಗಣಿಸಬಹುದು. ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿನಲ್ಲಿದ್ದೂ ಮುಗಿಲನ್ನೇ ನಂಬಿ ಬಿತ್ತುವ ಒಣಬೇಸಾಯದ ರೈತನಿಗೆ ಇದಕ್ಕಿಂತ ಮಿಗಿಲಾದ ಪ್ರಶ್ನೆಯಿರಲಾರದು. ಲೆಕ್ಕದ ಸೌಕರ್ಯಕ್ಕಾಗಿ ವಾರ್ಷಿಕ ಸರಾಸರಿ 600 ಮಿಲಿಮೀಟರ್ ಎಂದೂ ಮಾನಕ ವಿಚಲನೆ 150 ಎಂದೂ ಭಾವಿಸಿ, 420ಕ್ಕಿಂತ ಕಡಿಮೆ ಮಳೆಯ ವರ್ಷಗಳನ್ನು ಅರಸೋಣ. 420ರಲ್ಲಿ 600ನ್ನು ಕಳೆದು ಬಂದ ಋಣ 180ನ್ನು 150ರಿಂದ ಭಾಗಿಸಲು ದೊರೆಯುವ ಋಣ 1.2 ಎಂಬುದೇ ಝಡ್ ಅಂಕ. ಸರಾಸರಿಗಿಂತ ಆ ಮಳೆ ಎಷ್ಟು ವಿಚಲನೆ ಕೆಳಗಿದೆಯೆಂಬುದರ ಅಳತೆ ಅದು. ಪ್ರಸಾಮಾನ್ಯ ವಿತರಣೆಯ ಕೋಷ್ಟಕದಲ್ಲಿ 1.2ರ ಎದುರಿಗೆ 0.8849 ಎಂದಿರುತ್ತದೆ, ಗಂಟೆಯಾಕಾರದ ಆ ವಕ್ರರೇಖೆ ಎಡಬಲಗಳಲ್ಲಿ ಸಮವಾಗಿರುವುದರಿಂದ ಅದನ್ನು 1ರಿಂದ ಕಳೆದರೆ ಉಳಿಯುವ 0.1151, ಎಂದರೆ ನೂರಕ್ಕೆ ಸುಮಾರು ಹನ್ನೊಂದೂವರೆ ವರ್ಷ, ನಮಗೆ ಬೇಕಾದ ಉತ್ತರ.

ಆದರೆ ಒಣಸೀಮೆಯ ಮಳೆ ಸರಾಸರಿಯ ಇಕ್ಕೆಲಗಳಲ್ಲಿ ಸಮನಾಗಿ ಹರಡದು: ಅದು ಸೊನ್ನೆಗಿಂತ ಕೆಳಗಿಳಿಯಲಾರದು, ಅತಿವೃಷ್ಟಿಗಾದರೋ ಅಂಥ ಮೇರೆಯಿಲ್ಲ. ಆದುದರಿಂದಲೇ 1993ರಲ್ಲಿ ಅಮೆರಿಕದ ಮೆಕ್‌ಕೀ ಮತ್ತು ಸಂಗಡಿಗರು ರೂಪಿಸಿದ ಮಾನಕ ಮಳೆ ಸೂಚ್ಯಂಕವು ಮಳೆಯನ್ನು ಮೊದಲು ಗ್ಯಾಮಾ ವಿತರಣೆಗೆ ಹೊಂದಿಸಿ, ಬಳಿಕವಷ್ಟೇ ಝಡ್ ಅಂಕವಾಗಿ ಮಾರ್ಪಡಿಸುತ್ತದೆ. ಆ ವಿವೇಕವನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ಸೂಚ್ಯಂಕವು ಋಣ 1.5ಕ್ಕೋ ಅದಕ್ಕೂ ಕೆಳಕ್ಕೋ ಇಳಿದರೆ ತೀವ್ರ ಬರ. ಅಂಥವು ನೂರಕ್ಕೆ ಏಳರಷ್ಟು.